ತಾತ ‘ಹೋದರು’ ಅಂದರೆ ಎಲ್ಲಿಗೆ? ಪುಟ್ಟ ಮಕ್ಕಳಿಗೆ ಸಾವು, ಆಪರೇಷನ್, ಹಬ್ಬ, ಬಂದ್ ಹೇಳಿಕೊಡುವ ಬಗೆ

ಓದುಗರ ಪ್ರಶ್ನೆ: ನನ್ನ ಮಗನಿಗೆ ನಾಲ್ಕು ವರ್ಷ ಎಂಟು ತಿಂಗಳು. ನಾವಿರುವುದು ಬೆಂಗಳೂರು, ಊರು ತಿಪಟೂರಿನ ಕಡೆ. ಐದು ವಾರದ ಹಿಂದೆ ನಮ್ಮ ಮಾವ ಹಾರ್ಟ್ ಅಟ್ಯಾಕ್ ಆಗಿ ತೀರಿಕೊಂಡರು. ನಮ್ಮ ಜೊತೆಯಲ್ಲೇ ಇದ್ದರು. ಮಗನಿಗೆ ತಾತ ಅಂದರೆ ಪ್ರಾಣ. ಅವತ್ತಿನ ಗಡಿಬಿಡಿಯಲ್ಲಿ ಒಬ್ಬೊಬ್ಬರು ಒಂದೊಂದು ಹೇಳಿದೆವು. ನಾನು ‘ತಾತ ಮಲಗಿದ್ದಾರೆ’ ಅಂದೆ. ನಮ್ಮ ಮನೆಯವರು ‘ಊರಿಗೆ ಹೋಗಿದ್ದಾರೆ’ ಅಂದರು. ಅತ್ತೆ ‘ದೇವರ ಹತ್ತಿರ ಹೋದರು’ ಅಂದರು. ಈಗ ಅವನು ರಾತ್ರಿ ಮಲಗೋಕೆ ಒಪ್ಪಲ್ಲ. ಅವರಪ್ಪ ಊರಿಗೆ ಹೊರಟರೆ ಕಾಲು ಹಿಡಿದುಕೊಂಡು ಅಳುತ್ತಾನೆ. ತಿಥಿಯ ದಿನ ಎಡೆ ಇಟ್ಟಾಗ ನೆಂಟರೆಲ್ಲರ ಮುಂದೆ ‘ತಾತ ಊಟಕ್ಕೆ ಬರ್ತಾರಾ?’ ಅಂತ ಕೇಳಿದ. ತಾತನ ಚಪ್ಪಲಿ ಇನ್ನೂ ಬಾಗಿಲ ಹತ್ತಿರವೇ ಇದೆ. ದಿನಾ ಹೋಗಿ ನೋಡಿಕೊಂಡು ಬರುತ್ತಾನೆ. ಮುಂದಿನ ತಿಂಗಳು ಅವನಿಗೇ ಅಡಿನಾಯ್ಡ್ (ಮೂಗಿನ ಹಿಂದಿನ ಗಡ್ಡೆ) ಆಪರೇಷನ್ ಇದೆ. ಇದರ ಮಧ್ಯೆ ಸ್ಕೂಲಿನಲ್ಲಿ ಟೀಚರ್, ‘ಹಬ್ಬ ಅಂದರೇನು, ಮದುವೆ ಅಂದರೇನು ಅಂತ ಕೇಳಿದರೆ ಬೇರೆ ಮಕ್ಕಳು ಹೇಳುತ್ತಾರೆ, ಇವನು ಒಂದೊಂದು ಸಲ ಕೇಳಿಸಿಕೊಂಡೇ ಇಲ್ಲವೇನೋ ಅನ್ನುವ ಹಾಗೆ ಕೂತಿರುತ್ತಾನೆ’ ಅಂದರು. ಅತ್ತೆ, ಮಕ್ಕಳ ಮುಂದೆ ಸಾವಿನ ಮಾತು ಎತ್ತಬೇಡ ಅನ್ನುತ್ತಾರೆ. ಸಾವು, ತಿಥಿ, ಆಪರೇಷನ್, ಟಿವಿಯಲ್ಲಿ ಬರುವ ಬಂದ್, ಎಲೆಕ್ಷನ್ ಇಂಥ ಪದಗಳನ್ನೆಲ್ಲ ಇಷ್ಟು ಚಿಕ್ಕ ಮಗುವಿಗೆ ಹೇಗೆ ಹೇಳುವುದು? ಹೇಳದೇ ಇರುವುದೇ ಒಳ್ಳೆಯದಾ?

ಉತ್ತರ: ನಿಮ್ಮ ಪತ್ರ ಓದಿ ನನಗೆ ಮೊದಲು ಅನಿಸಿದ್ದು, ನಿಮ್ಮ ಮಗ ಚೆನ್ನಾಗಿ ಲೆಕ್ಕ ಹಾಕುತ್ತಾನೆ ಅಂತ. ನೀವು ಹೇಳಿದ್ದನ್ನೆಲ್ಲ ಅವನು ನಂಬಿದ್ದಾನೆ. ತಾತ ಮಲಗಿದರು, ಆಮೇಲೆ ಏಳಲೇ ಇಲ್ಲ. ಹಾಗಾದರೆ ಮಲಗುವುದು ಅಪಾಯ. ತಾತ ಊರಿಗೆ ಹೋದರು, ವಾಪಸ್ ಬರಲಿಲ್ಲ. ಹಾಗಾದರೆ ಅಪ್ಪನನ್ನು ಊರಿಗೆ ಬಿಡಬಾರದು. ಚಪ್ಪಲಿ ಮಾತ್ರ ಇಲ್ಲೇ ಇದೆ. ಚಪ್ಪಲಿ ಹಾಕದೆ ತಾತ ಎಷ್ಟು ದೂರ ಹೋಗಿಯಾರು? ಇದರಲ್ಲಿ ಹಟವೂ ಇಲ್ಲ, ದಡ್ಡತನವೂ ಇಲ್ಲ. ಲೆಕ್ಕ ಸರಿಯಾಗಿದೆ, ನಾವು ಕೊಟ್ಟ ಅಂಕಿ ತಪ್ಪು.

ನಿಮ್ಮನ್ನು ದೂರುತ್ತಿಲ್ಲ. ಸಾವಿನ ಮನೆಯಲ್ಲಿ ಸರಿಯಾದ ಪದ ಹುಡುಕುವಷ್ಟು ವ್ಯವಧಾನ ಯಾರಿಗಿರುತ್ತದೆ? ಮಕ್ಕಳ ಮಾತಿನ ತೊಂದರೆ ನೋಡುವ ಸ್ಪೀಚ್ ಥೆರಪಿಸ್ಟ್ ಕೆಲಸದಲ್ಲಿ ನನಗೆ ಇಪ್ಪತ್ತು ವರ್ಷ ದಾಟಿತು. ಆದರೂ ನಮ್ಮ ತಂದೆ ತೀರಿಕೊಂಡಾಗ ಅಣ್ಣನ ಮಗಳಿಗೆ ನಾನೇ ‘ಅಜ್ಜ ನಕ್ಷತ್ರ ಆದರು’ ಅಂದುಬಿಟ್ಟಿದ್ದೆ. ಮಳೆಗಾಲದ ಒಂದು ರಾತ್ರಿ ಅವಳು ಕಿಟಕಿ ಹತ್ತಿರ ನಿಂತು ಗೊಳೋ ಅಂತ ಅತ್ತಳು. ಮೋಡ ಕವಿದಿತ್ತು, ಅಜ್ಜ ಕಾಣಿಸುತ್ತಿರಲಿಲ್ಲ.

ಚಮಚ, ಬೆಕ್ಕು, ಬಸ್ಸು ಇವನ್ನೆಲ್ಲ ಬೆರಳು ಮಾಡಿ ತೋರಿಸಬಹುದು. ಹಬ್ಬವನ್ನು ಹಾಗೆ ತೋರಿಸೋಕೆ ಆಗುತ್ತಾ? ಅದು ಬೆಳಿಗ್ಗೆ ಎಣ್ಣೆ ಸ್ನಾನಕ್ಕೆ ಶುರುವಾಗಿ, ನೆಂಟರು ಸಂಜೆ ಹೊರಡುವ ತನಕ ಮನೆ ತುಂಬ ಹರಡಿಕೊಂಡಿರುತ್ತದೆ. ಯಾವ ತುಂಡನ್ನು ಹಬ್ಬ ಅನ್ನಬೇಕು? ತೋರಣವನ್ನೋ, ಹೋಳಿಗೆಯನ್ನೋ, ಅಮ್ಮನ ಸಿಡುಕನ್ನೋ? ನಡೆಯುವ ಸಂಗತಿಗಳ ಹೆಸರು ಮಕ್ಕಳಿಗೆ ವಸ್ತುಗಳ ಹೆಸರಿಗಿಂತ ಕಷ್ಟವಾಗುವುದು ಇದಕ್ಕೇ. ಕಣ್ಣ ಮುಂದೆ ಬಂದು ನಿಲ್ಲದ ಸಂಗತಿಯಂತೂ ಇನ್ನೂ ಕಷ್ಟ. ಸಾವು ಅಂಥದ್ದು.

ಇದರ ಮೇಲೆ ನಮ್ಮ ಕನ್ನಡದ್ದೇ ಒಂದು ತಮಾಷೆ ಇದೆ. ನಮ್ಮಲ್ಲಿ ಎಲ್ಲವೂ ಬರುತ್ತದೆ, ಹೋಗುತ್ತದೆ. ಮಳೆ ಬಂತು, ಜ್ವರ ಬಂತು, ನಿದ್ದೆ ಬಂತು, ಹಬ್ಬ ಬಂತು, ಎಲೆಕ್ಷನ್ ಬಂತು. ಕರೆಂಟ್ ಹೋಯ್ತು, ಕೆಲಸ ಹೋಯ್ತು, ಜೀವ ಹೋಯ್ತು. ಮಗುವಿನ ಅನುಭವದಲ್ಲಿ ಹೋಗಿದ್ದು ವಾಪಸ್ ಬರುತ್ತದೆ. ಕರೆಂಟ್ ಬರುತ್ತದೆ, ಆಫೀಸಿಗೆ ಹೋದ ಅಪ್ಪ ಬರುತ್ತಾನೆ. ಮನೆ ಬಿಟ್ಟು ಹೊರಡುವಾಗ ನಾವು ‘ಹೋಗ್ತೀನಿ’ ಅನ್ನುವುದೇ ಇಲ್ಲ, ‘ಬರ್ತೀನಿ’ ಅನ್ನುತ್ತೇವೆ. ಇಂಥ ಭಾಷೆಯಲ್ಲಿ ಬೆಳೆಯುತ್ತಿರುವ ಮಗುವಿಗೆ ‘ತಾತ ಹೋಗಿಬಿಟ್ಟರು’ ಅಂದರೆ ಅದು ಕೇಳುವ ಮುಂದಿನ ಪ್ರಶ್ನೆ ಒಂದೇ: ಯಾವಾಗ ಬರ್ತಾರೆ?

‘ಆಯ್ತು’ ಅನ್ನುವ ಪದವೂ ಹಾಗೇ. ಊಟ ಆಯ್ತು ಅಂದರೆ ಮುಗಿಯಿತು. ಗಾಯ ಆಯ್ತು ಅಂದರೆ ಶುರುವಾಯಿತು. ನನ್ನ ಹತ್ತಿರ ಬರುತ್ತಿದ್ದ ಒಬ್ಬ ಹುಡುಗಿ, ‘ಅಮ್ಮನ ಮದುವೆ ಆಯ್ತಂತೆ, ಹಾಗಾದ್ರೆ ಈಗ ಅಪ್ಪ ಯಾರು?’ ಅಂತ ಕೇಳಿ ಅಮ್ಮನನ್ನು ನಗಿಸಿ ಸುಸ್ತು ಮಾಡಿದ್ದಳು. ‘ತೀರಿಕೊಂಡರು’ ಇನ್ನೊಂದು. ಮನೆಯಲ್ಲಿ ಅಕ್ಕಿ ತೀರುತ್ತದೆ, ಸಕ್ಕರೆ ತೀರುತ್ತದೆ, ಅಂಗಡಿಯಿಂದ ತರುತ್ತೇವೆ. ಅಜ್ಜಿ ತೀರಿಕೊಂಡ ಮನೆಯ ಮಗುವೊಂದು ‘ಇನ್ನೊಂದು ತರಲ್ವಾ?’ ಅಂತ ಕೇಳಿದ್ದನ್ನು ನಾನು ಕಿವಿಯಾರೆ ಕೇಳಿದ್ದೇನೆ. ನಿಮ್ಮ ಮನೆಯಲ್ಲಿ ‘ಹಾರ್ಟ್ ಅಟ್ಯಾಕ್’ ಅನ್ನುವ ಮಾತು ಅವನ ಕಿವಿಗೆ ಬಿದ್ದೇ ಬಿದ್ದಿರುತ್ತದೆ. ಕಾರ್ಟೂನ್ ನೋಡುವ ಮಗುವಿಗೆ ಅಟ್ಯಾಕ್ ಅಂದರೆ ಯಾರೋ ಬಂದು ಹೊಡೆದರು ಅಂತಲೇ. ಯಾರು ಹೊಡೆದರು ಅಂತ ಅವನು ಯೋಚಿಸುತ್ತಿರಬಹುದು. ಒಂದು ಸಲ ಕೇಳಿ ನೋಡಿ.

ಇನ್ನು ಅಶುಭದ ಮಾತು ಬಾಯಲ್ಲಿ ಬರಬಾರದು ಅನ್ನುವ ನಮ್ಮ ಅಭ್ಯಾಸ. ಬಳೆ ಒಡೆಯಿತು ಅನ್ನದೆ ‘ಬಳೆ ಹೆಚ್ಚಾಯ್ತು’ ಅನ್ನುವ ಮನೆಗಳಿವೆ. ಮುಟ್ಟಾದವರನ್ನು ‘ಕಾಗೆ ಮುಟ್ಟಿದೆ’ ಅಂದು ಮಕ್ಕಳನ್ನು ಆಚೆ ಕಳಿಸಿದ್ದನ್ನು ನಾವೆಲ್ಲ ನೋಡಿದ್ದೇವೆ. ನಾನಂತೂ ಆ ಕಾಗೆಯನ್ನು ಎಷ್ಟೋ ದಿನ ಹಿತ್ತಲಲ್ಲಿ ಹುಡುಕಿದ್ದೆ. ಮಗು ‘ಅಮ್ಮ, ನೀನೂ ಸಾಯ್ತೀಯಾ?’ ಅಂದರೆ ಉತ್ತರದ ಬದಲು ‘ಬಿಡ್ತು ಅನ್ನು’ ಅಂತ ಗದರುತ್ತೇವೆ. ದೊಡ್ಡವರ ನಡುವೆ ಇದು ಮರ್ಯಾದೆಯ ಭಾಷೆ, ಅದರ ಚಂದವೇ ಬೇರೆ. ಆದರೆ ಒಳಗಿರುವ ಅರ್ಥ ಗೊತ್ತಿದ್ದವರಿಗೆ ಮಾತ್ರ ಅದು ಭಾಷೆ. ನಾಲ್ಕು ವರ್ಷದವನಿಗೆ ಅದು ಬರೀ ಹೊರಗಿನ ಸಿಪ್ಪೆ.

ಹಾಗಾದರೆ ಅತ್ತೆಯವರ ಮಾತು ಪೂರ್ತಿ ತಪ್ಪಾ? ಮಗುವಿಗೆ ಸಾವು ಪೂರ್ತಿ ಅರ್ಥವಾಗುವುದಿಲ್ಲ ಅನ್ನುವಷ್ಟರ ಮಟ್ಟಿಗೆ ಅವರು ಹೇಳುವುದು ನಿಜ. 1984ರಲ್ಲಿ ಮಾರ್ಕ್ ಸ್ಪೀಸ್ ಮತ್ತು ಸ್ಯಾಂಡರ್ ಬ್ರೆಂಟ್ ಎಂಬ ಅಮೆರಿಕದ ಸಂಶೋಧಕರು ಅಲ್ಲಿಯ ತನಕ ನಡೆದಿದ್ದ ಅಧ್ಯಯನಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದರು. ಸತ್ತವರು ವಾಪಸ್ ಬರುವುದಿಲ್ಲ, ಸತ್ತ ಮೇಲೆ ಮೈ ಯಾವ ಕೆಲಸವನ್ನೂ ಮಾಡುವುದಿಲ್ಲ, ಬದುಕಿರುವ ಎಲ್ಲರಿಗೂ ಸಾವಿದೆ ಎಂಬ ಈ ತಿಳಿವಳಿಕೆ ಹೆಚ್ಚಿನ ಮಕ್ಕಳಿಗೆ ಐದರಿಂದ ಏಳು ವರ್ಷದ ನಡುವೆ ಕೂಡಿಬರುತ್ತದೆ ಅಂತ ಕಂಡುಕೊಂಡರು. ನಿಮ್ಮ ಮಗ ಆ ಹೊಸ್ತಿಲಲ್ಲಿದ್ದಾನೆ. ಇವತ್ತು ಹೇಳಿದ್ದನ್ನು ನಾಳೆ ಮತ್ತೆ ಕೇಳುತ್ತಾನೆ. ಅದು ಮರೆವಲ್ಲ. ಪ್ರತಿ ಸಲವೂ ಒಂಚೂರು ಜಾಸ್ತಿ ಅರ್ಥ ಮಾಡಿಕೊಳ್ಳುತ್ತಿರುತ್ತಾನೆ.

ಆದರೆ ಹೇಳದಿದ್ದರೆ ಮಗುವಿಗೆ ಗೊತ್ತಾಗುವುದಿಲ್ಲ ಅನ್ನುವುದು ಸುಳ್ಳು. ಮನೆಯಲ್ಲಿ ಎಲ್ಲರೂ ಅಳುವುದು, ತಾನು ಬಂದ ಕೂಡಲೇ ಮಾತು ನಿಲ್ಲುವುದು, ಎಲ್ಲವೂ ಅವನಿಗೆ ಕಾಣುತ್ತದೆ. ಹೇಳದೆ ಬಿಟ್ಟ ಜಾಗವನ್ನು ಮಗು ತಾನೇ ತುಂಬಿಸಿಕೊಳ್ಳುತ್ತದೆ, ಎಷ್ಟೋ ಸಲ ಎಲ್ಲ ತನ್ನದೇ ತಪ್ಪು ಅಂದುಕೊಂಡು. ‘ನಾನು ತಾತನ ಕನ್ನಡಕ ಬಚ್ಚಿಟ್ಟಿದ್ದೆ, ಅದಕ್ಕೇ ಕೋಪ ಮಾಡ್ಕೊಂಡು ಹೋದ್ರು’ ಅಂತ ಒಬ್ಬ ಹುಡುಗ ನನ್ನ ಹತ್ತಿರ ಹೇಳಿದ್ದ. ತಾತ ಹೋಗಿ ಆರು ತಿಂಗಳಾಗಿತ್ತು. ಆರು ತಿಂಗಳೂ ಆ ಕನ್ನಡಕವನ್ನು ಒಬ್ಬನೇ ಹೊತ್ತಿದ್ದ.

ಈಗ ಹೇಳುವುದು ಹೇಗೆ ಅನ್ನುವುದಕ್ಕೆ ಬರೋಣ. ನಾನು ತಂದೆತಾಯಿಗೆ ಹೇಳುವುದು ಒಂದೇ ಮಾತು. ಪದದ ಅರ್ಥ ವಿವರಿಸಲು ಹೋಗಬೇಡಿ, ನಡೆದದ್ದನ್ನು ಹೇಳಿ. ಯಾರು, ಏನು ಮಾಡಿದರು, ಮೊದಲು ಯಾವುದು, ಆಮೇಲೆ ಯಾವುದು. ಮಕ್ಕಳ ತಲೆ ಇದಕ್ಕೆ ಹೇಳಿ ಮಾಡಿಸಿದ ಹಾಗಿರುತ್ತದೆ. ಕ್ಯಾಥರೀನ್ ನೆಲ್ಸನ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞೆ 1980ರ ದಶಕದಲ್ಲಿ ಇದನ್ನು ಚೆನ್ನಾಗಿ ತೋರಿಸಿಕೊಟ್ಟರು. ಬರ್ತ್‌ಡೇ ಪಾರ್ಟಿಯಲ್ಲಿ ಏನೇನಾಗುತ್ತೆ ಅಂತ ಕೇಳಿದರೆ ಮೂರು ವರ್ಷದ ಮಗುವೂ ಸರಿಯಾದ ಕ್ರಮದಲ್ಲಿ ಹೇಳಬಲ್ಲದು. ಪಾರ್ಟಿ ಅಂದರೇನು ಅಂತ ಕೇಳಿದರೆ ಮಾತ್ರ ತಬ್ಬಿಬ್ಬಾಗುತ್ತದೆ.

ತಾತನ ವಿಷಯ ಹೀಗೆ ಹೇಳಿ ನೋಡಿ. ಹಗಲು ಹೊತ್ತಿನಲ್ಲಿ, ಅವನು ಆಟ ಆಡುತ್ತಿರುವಾಗ ಪಕ್ಕದಲ್ಲಿ ಕೂತು: ‘ಪುಟ್ಟಾ, ಅವತ್ತು ನಾನು ತಾತ ಮಲಗಿದ್ದಾರೆ ಅಂದೆ ಅಲ್ವಾ? ಅದು ಸರಿಯಾಗಿ ಹೇಳಲಿಲ್ಲ. ತಾತ ಸತ್ತರು. ಸತ್ತರು ಅಂದರೆ ತಾತನ ಮೈ ಕೆಲಸ ಮಾಡೋದು ಪೂರ್ತಿ ನಿಂತಿತು. ಎದೆ ಡಬ್ ಡಬ್ ಅನ್ನೋದು ನಿಂತಿತು. ಅವರಿಗೆ ಈಗ ಉಸಿರಾಟ ಇಲ್ಲ, ಹಸಿವು ಇಲ್ಲ, ನೋವು ಇಲ್ಲ, ಚಳಿ ಇಲ್ಲ. ಮತ್ತೆ ಏಳಲ್ಲ, ವಾಪಸ್ ಬರಲ್ಲ. ನನಗೆ ತುಂಬಾ ದುಃಖ ಆಗಿದೆ. ನೀನೇನೂ ಮಾಡಿದ್ದಕ್ಕೆ ಆಗಿದ್ದಲ್ಲ.’ ಇಷ್ಟೇ. ಆಮೇಲೆ ಸುಮ್ನಿರಿ. ಅವನು ‘ಸರಿ, ಈ ಲಾರಿ ಚಕ್ರ ಹಾಕಿಕೊಡು’ ಅನ್ನಬಹುದು. ಮನಸ್ಸಿಗೆ ತಟ್ಟಲಿಲ್ಲ ಅಂದುಕೊಳ್ಳಬೇಡಿ. ಮಕ್ಕಳು ದುಃಖವನ್ನು ಗುಟುಕು ಗುಟುಕಾಗಿ ಕುಡಿಯುತ್ತಾರೆ.

ನಾನು ‘ಸತ್ತುಹೋದರು’ ಅಂತ ಬರೆಯಲಿಲ್ಲ, ಗಮನಿಸಿದಿರಾ? ಅದರಲ್ಲೂ ಆ ‘ಹೋದರು’ ಬಂದು ಕೂತಿರುತ್ತದೆ. ‘ಸತ್ತರು’ ನಿಮ್ಮ ಬಾಯಿಗೆ ಒರಟು ಅನಿಸಿದರೆ ‘ತೀರಿಕೊಂಡರು’ ಅಂತಲೇ ಹೇಳಿ. ಆದರೆ ಹಿಂದೆಯೇ ಆ ‘ಮೈ ಕೆಲಸ ನಿಂತಿತು’ ಅನ್ನುವ ಮಾತು ಬರಲೇಬೇಕು. ‘ಹುಷಾರಿರಲಿಲ್ಲ, ಅದಕ್ಕೆ ಸತ್ತರು’ ಅನ್ನಬೇಡಿ. ನಾಳೆ ಅವನಿಗೇ ನೆಗಡಿ ಆದಾಗ ಹೆದರುತ್ತಾನೆ. ‘ತಾತನ ಹೃದಯಕ್ಕೆ ತುಂಬಾ ತುಂಬಾ ದೊಡ್ಡ ತೊಂದರೆ ಆಗಿತ್ತು, ನಮಗೆ ಬರೋ ಕೆಮ್ಮು, ಜ್ವರದ ಥರ ಅಲ್ಲ. ಯಾರೂ ಹೊಡೆದಿದ್ದಲ್ಲ’ ಅನ್ನಿ.

ಇದರಲ್ಲೂ ರಿಸ್ಕ್ ಇಲ್ಲದಿಲ್ಲ. ಕಲಿತ ಹೊಸ ಮಾತನ್ನು ಅವನು ಲಿಫ್ಟ್‌ನಲ್ಲಿ ಸಿಕ್ಕಿದವರಿಗೆಲ್ಲ ಹೇಳುತ್ತಾನೆ. ‘ನಮ್ಮ ತಾತ ಸತ್ತರು, ನಿಮ್ಮ ತಾತ?’ ಅಂತ ಪಕ್ಕದ ಮನೆಯವರನ್ನು ಕೇಳುತ್ತಾನೆ. ಮುಜುಗರ ಆಗುತ್ತದೆ, ತಡೆದುಕೊಳ್ಳಿ. ‘ನೀನೂ ಸಾಯ್ತೀಯಾ?’ ಅನ್ನುವ ಪ್ರಶ್ನೆಯಂತೂ ಖಂಡಿತ ಬರುತ್ತದೆ. ಆಗ ‘ಇಲ್ಲಪ್ಪ, ನಾನು ಯಾವಾಗಲೂ ಇರ್ತೀನಿ’ ಅನ್ನಬೇಡಿ. ‘ಎಲ್ಲರೂ ಒಂದು ದಿನ ಸಾಯ್ತಾರೆ. ಆದರೆ ನನಗೆ ಈಗ ಮೈ ಗಟ್ಟಿಯಾಗಿದೆ. ನೀನು ದೊಡ್ಡವನಾಗಿ ಕೆಲಸಕ್ಕೆ ಹೋಗೋದನ್ನೆಲ್ಲ ನೋಡ್ತೀನಿ ಅಂದುಕೊಂಡಿದ್ದೀನಿ’ ಅನ್ನಬಹುದು. ಅವನು ಸಾಮಾನ್ಯವಾಗಿ ಕೇಳುತ್ತಿರುವುದು ನನ್ನನ್ನು ಯಾರು ನೋಡಿಕೊಳ್ಳುತ್ತಾರೆ ಅಂತ. ‘ಅಪ್ಪ ಇದ್ದಾರೆ, ಅಜ್ಜಿ ಇದ್ದಾರೆ, ಅತ್ತೆ ಇದ್ದಾರೆ’ ಅಂತ ಬೆರಳು ಮಡಚಿ ಎಣಿಸಿ ತೋರಿಸಿ.

‘ದೇವರ ಹತ್ತಿರ ಹೋದರು’ ಅನ್ನುವುದನ್ನು ಬಿಡಬೇಕಾಗಿಲ್ಲ. ಅದು ಅತ್ತೆಯವರ ನಂಬಿಕೆ. ಗಂಡನನ್ನು ಕಳೆದುಕೊಂಡು ಕೂತಿರುವವರ ಆಸರೆ ಅದು, ಕಿತ್ತುಕೊಳ್ಳುವುದು ಸರಿಯಲ್ಲ. ಆದರೆ ಮೊದಲ ಮಾತಾಗಿ ಅದು ಬಂದರೆ ತೊಂದರೆ. ‘ನಾನೂ ಹೋಗ್ತೀನಿ’ ಅನ್ನುವ ಮಕ್ಕಳಿದ್ದಾರೆ, ದೇವರ ಮೇಲೆ ಸಿಟ್ಟು ಮಾಡಿಕೊಂಡು ದೇವರ ಮನೆಗೆ ಕಾಲಿಡದ ಮಕ್ಕಳೂ ಇದ್ದಾರೆ. ಮೈ ನಿಂತ ಸಂಗತಿ ಗಟ್ಟಿಯಾಗಿ ಕೂತ ಮೇಲೆ, ‘ತಾತ ದೇವರ ಹತ್ತಿರ ಇದ್ದಾರೆ ಅಂತ ಅಜ್ಜಿ ನಂಬ್ತಾರೆ’ ಅಂತ ಸೇರಿಸಿ. ಅತ್ತೆಯವರಿಗೆ ಇದನ್ನು ಹೇಳುವಾಗ ಪುಸ್ತಕ, ಡಾಕ್ಟರ್ ಅಂತ ಹೋಗಬೇಡಿ. ‘ಅತ್ತೆ, ಮಲಗಿದ್ದಾರೆ ಅಂತ ನಾನು ಹೇಳಿದ್ದಕ್ಕೇ ಅವನು ರಾತ್ರಿ ನಿದ್ದೆ ಮಾಡ್ತಿಲ್ಲ, ನನ್ನ ತಪ್ಪನ್ನ ನಾನೇ ಸರಿ ಮಾಡ್ತೀನಿ’ ಅನ್ನಿ. ನನ್ನ ಅನುಭವದಲ್ಲಿ ಹೆಚ್ಚಿನ ಅಜ್ಜಿಯರು ಒಪ್ಪುತ್ತಾರೆ.

ಎಡೆಯ ವಿಷಯವೂ ಹಾಗೇ. ‘ತಾತನಿಗೆ ಇಷ್ಟವಾಗಿದ್ದ ಅಡುಗೆ ಮಾಡಿ, ಎಲೆ ಹಾಕಿ ಬಡಿಸಿ, ಅವರನ್ನ ನೆನಪು ಮಾಡಿಕೊಳ್ತೀವಿ. ಆಮೇಲೆ ನಾವೆಲ್ಲ ಊಟ ಮಾಡ್ತೀವಿ. ತಾತ ಬಂದು ಕೂತು ತಿನ್ನಲ್ಲ.’ ಕಾಗೆಗೆ ಅನ್ನ ಇಡುವ ರೂಢಿ ನಿಮ್ಮಲ್ಲಿದ್ದರೆ ಅದನ್ನೂ ‘ನಮ್ಮ ಮನೆಯಲ್ಲಿ ಹೀಗೆ ನಂಬ್ತೀವಿ’ ಅಂತಲೇ ಹೇಳಿ. ಕಾಗೆಯೇ ತಾತ ಅಂದರೆ, ಅವನು ಕಂಡ ಕಂಡ ಕಾಗೆಯನ್ನೆಲ್ಲ ಮನೆಗೆ ಕರೆಯುತ್ತಾನೆ. ಮಾವನವರನ್ನು ಮಣ್ಣು ಮಾಡಿದಿರೋ ಸುಟ್ಟಿರೋ ನೀವು ಬರೆದಿಲ್ಲ. ಯಾವುದೇ ಆಗಲಿ, ಅವನಾಗಿ ಕೇಳುವ ತನಕ ಕಾಯಿರಿ. ಕೇಳಿದಾಗ, ಮೈಗೆ ನೋವು ಗೊತ್ತಾಗುವುದಿಲ್ಲ ಅನ್ನುವುದನ್ನು ಮೊದಲು ನೆನಪಿಸಿ, ಆಮೇಲೆ ನಿಜ ಹೇಳಿ.

ಆಪರೇಷನ್‌ಗೆ ಬರುತ್ತೇನೆ. ನಿಮ್ಮ ಪತ್ರದಲ್ಲಿ ನನಗೆ ಹೆಚ್ಚು ಆತಂಕ ಹುಟ್ಟಿಸಿದ ಭಾಗ ಇದು. ಆಸ್ಪತ್ರೆಯಲ್ಲಿ ಯಾರಾದರೂ ಪ್ರೀತಿಯಿಂದಲೇ, ‘ಏನಿಲ್ಲ ಕಂದಾ, ಸುಮ್ನೆ ಮಲಗಿಸ್ತೀವಿ’ ಅಂದರೆ ಅವನಿಗೆ ಹೇಗನ್ನಿಸೀತು ಯೋಚಿಸಿ. ತಾತನೂ ಮಲಗಿದ್ದರಲ್ಲ! ಹಾಗಾಗಿ ಆಪರೇಷನ್‌ಗೆ ಮೊದಲೇ ತಾತನ ಮಾತು ಮುಗಿದಿರಬೇಕು. ಡಾಕ್ಟರ್, ಅರಿವಳಿಕೆ ಕೊಡುವವರು, ನರ್ಸ್ ಎಲ್ಲರಿಗೂ ಮನೆಯಲ್ಲಿ ಹೀಗಾಗಿದೆ, ‘ಮಲಗಿಸ್ತೀವಿ’ ಅನ್ನುವ ಪದ ಬೇಡ ಅಂತ ಹೇಳಿಡಿ. ನಿಮ್ಮ ಮಗನಿಗೆ ಹೀಗೆ ಹೇಳಬಹುದು: ‘ನಿನ್ನ ಮೂಗಿನ ಹಿಂದೆ ಒಂದು ಗಡ್ಡೆ ಥರ ಇದೆ, ಅದಕ್ಕೇ ರಾತ್ರಿ ಗೊರ ಗೊರ ಅನ್ನುತ್ತೀಯ. ಡಾಕ್ಟರ್ ಅದನ್ನು ತೆಗೀತಾರೆ. ಅವತ್ತು ಬೆಳಿಗ್ಗೆ ತಿಂಡಿ ಇರಲ್ಲ. ನಿನಗೆ ಒಂದು ಔಷಧಿ ಕೊಡ್ತಾರೆ, ಆಗ ಏನೂ ಗೊತ್ತಾಗಲ್ಲ, ನೋವಾಗಲ್ಲ. ಅದು ರಾತ್ರಿ ನಿದ್ದೆ ಅಲ್ಲ, ಔಷಧಿಯಿಂದ ಬರೋದು. ಒಬ್ಬ ಡಾಕ್ಟರ್ ಪಕ್ಕದಲ್ಲೇ ನಿಂತು ನೋಡಿಕೊಳ್ತಾ ಇರ್ತಾರೆ. ಔಷಧಿ ನಿಲ್ಲಿಸಿದ ಮೇಲೆ ಎಚ್ಚರ ಆಗುತ್ತೆ. ಆಗ ಗಂಟಲು ಸ್ವಲ್ಪ ನೋಯುತ್ತೆ, ನೋವಿಗೂ ಔಷಧಿ ಇದೆ.’ ಈ ಆಪರೇಷನ್‌ನಲ್ಲಿ ಸಾಮಾನ್ಯವಾಗಿ ಬಾಯಿಯ ಮೂಲಕವೇ ಅಡಿನಾಯ್ಡ್ ತೆಗೆಯುತ್ತಾರೆ, ಮುಖದ ಮೇಲೆ ಗಾಯ ಇರುವುದಿಲ್ಲ. ಅದನ್ನೂ ಹೇಳಿ, ಮಕ್ಕಳು ಮೂಗು ಕೊಯ್ಯುತ್ತಾರೆ ಅಂದುಕೊಂಡಿರುತ್ತಾರೆ. ಎಚ್ಚರವಾಗುವಾಗ ನೀವು ಪಕ್ಕದಲ್ಲಿರಲು ಬಿಡುತ್ತಾರಾ ಅಂತ ಮುಂಚೆಯೇ ಕೇಳಿಕೊಳ್ಳಿ. ಬಿಡದಿದ್ದರೆ ‘ಅಮ್ಮ ಅಲ್ಲೇ ಇರ್ತೀನಿ’ ಅಂತ ಮಾತು ಕೊಡಬೇಡಿ. ಸೂಜಿ ಚುಚ್ಚಲ್ಲ ಅನ್ನುವ ಸುಳ್ಳೂ ಬೇಡ.

ಇದನ್ನು ತಿಂಗಳ ಮುಂಚೆ ಹೇಳಿ ಪ್ರಯೋಜನವಿಲ್ಲ. ನಾಲ್ಕೈದು ವರ್ಷದ ಮಗುವಿಗೆ ‘ಮುಂದಿನ ತಿಂಗಳು’ ಅಂದರೆ ಗಾಳಿ ಹಿಡಿದ ಹಾಗೆ. ಹಿಂದಿಯಲ್ಲಿ ನಿನ್ನೆಗೂ ನಾಳೆಗೂ ‘ಕಲ್’ ಒಂದೇ. ನಮ್ಮಲ್ಲಿ ನಿನ್ನೆ, ಮೊನ್ನೆ, ನಾಳೆ, ನಾಡಿದ್ದು ಅಂತ ಬೇರೆ ಬೇರೆ ಪದ ಇವೆ. ಆದರೂ ಮಕ್ಕಳು ‘ನಾಳೆ ನಾವು ಝೂಗೆ ಹೋಗಿದ್ವಿ’ ಅನ್ನುತ್ತಾರೆ. ಈ ವಯಸ್ಸಿಗೆ ಅದು ಸಹಜ. ಆಪರೇಷನ್‌ಗೆ ಮೂರು ನಾಲ್ಕು ದಿನ ಇದೆ ಅನ್ನುವಾಗ ಹೇಳಿ. ಗೋಡೆಯ ಮೇಲೆ ಬೆಂಗಳೂರು ಪ್ರೆಸ್ ಕ್ಯಾಲೆಂಡರ್ ಇದ್ದರೆ ಆ ದಿನದ ಚೌಕದಲ್ಲಿ ಒಂದು ಆಸ್ಪತ್ರೆ ಬರೆದು, ದಿನಾ ರಾತ್ರಿ ಒಂದು ಚೌಕ ಅವನ ಕೈಯಲ್ಲೇ ಹೊಡೆಸಿ. ಆಸ್ಪತ್ರೆಯ ಪಕ್ಕದ ಚೌಕದಲ್ಲಿ ಮನೆ ಬರೆಯುವುದನ್ನು ಮರೆಯಬೇಡಿ.

ಸಮಯದ ಚಿಕ್ಕ ಪದಗಳ ಬಗ್ಗೆ ಒಂದು ಮಾತು. ಚಿಕ್ಕ ಮಕ್ಕಳು ಮೊದಲು ಕೇಳಿಸಿದ್ದು ಮೊದಲು ನಡೆಯುತ್ತದೆ ಅಂದುಕೊಳ್ಳುತ್ತಾರೆ. ಈವ್ ಕ್ಲಾರ್ಕ್ ಎಂಬ ಭಾಷಾತಜ್ಞೆ 1971ರಲ್ಲಿ ಇಂಗ್ಲಿಷ್ ಮಾತಾಡುವ ಮಕ್ಕಳಲ್ಲಿ ಇದನ್ನು ಗುರುತಿಸಿದರು. ನಮ್ಮ ಮಕ್ಕಳಲ್ಲೂ ದಿನಾ ಕಾಣುತ್ತೇನೆ. ‘ತಿಂಡಿಗೆ ಮುಂಚೆ ಕೈ ತೊಳಿ’ ಅಂದರೆ ಕೆಲವರು ನೇರ ತಿಂಡಿಗೇ ಕೈ ಹಾಕುತ್ತಾರೆ. ‘ಕೈ ತೊಳಿ, ಆಮೇಲೆ ತಿಂಡಿ’ ಅಂದರೆ ತಾಪತ್ರಯವಿಲ್ಲ. ‘ಮೇಲೆ’ ಅನ್ನುವುದೂ ಅಷ್ಟೇ. ಮೇಜಿನ ಮೇಲೆ ಬೇರೆ, ಊಟದ ಮೇಲೆ ಬೇರೆ. ಏನೇ ಹೇಳಿದರೂ ನಡೆಯುವ ಕ್ರಮದಲ್ಲೇ ಹೇಳಿ.

ಟೀಚರ್ ಹೇಳಿದ್ದರಲ್ಲಿ ಎರಡು ಭಾಗ ಇದೆ. ‘ಹಬ್ಬ ಅಂದರೇನು’ ಅಂತ ಕೇಳಿದರೆ ಉತ್ತರ ಕೊಡದಿರುವುದಕ್ಕೆ ನಾನು ಒಂದು ಚೂರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಈ ವಯಸ್ಸಿನಲ್ಲಿ ಹಬ್ಬ ಅಂದರೆ ‘ಹೋಳಿಗೆ’ ಅಂತ ಮಗು ಅಂದರೆ ಅದು ಪೂರ್ತಿ ಮಾರ್ಕ್ಸ್ ಕೊಡಬೇಕಾದ ಉತ್ತರ. ‘ಹಬ್ಬದ ದಿನ ನಿಮ್ಮನೇಲಿ ಏನೇನು ಮಾಡಿದ್ರಿ?’ ಅಂತ ಕೇಳಿ ನೋಡಲು ಟೀಚರ್‌ಗೆ ಹೇಳಿ.

ಆದರೆ ‘ಕೇಳಿಸಿಕೊಂಡೇ ಇಲ್ಲವೇನೋ ಅನ್ನುವ ಹಾಗೆ’ ಅನ್ನುವ ಮಾತಿಗೆ ನನ್ನ ಕಿವಿ ನೆಟ್ಟಗಾಯಿತು. ಅಡಿನಾಯ್ಡ್ ಊದಿಕೊಂಡ ಮಕ್ಕಳಲ್ಲಿ ಕಿವಿಯ ತಮಟೆಯ ಹಿಂದೆ ನೀರು ನಿಲ್ಲುವುದು ಬಹಳ ಸಾಮಾನ್ಯ. ನೋವಿರುವುದಿಲ್ಲ, ಕಿವಿ ಸೋರುವುದಿಲ್ಲ. ಆದರೆ ಮಾತು ದೂರದಿಂದ ಬಂದ 

ಹಾಗೆ, ನೀರಿನೊಳಗಿಂದ ಬಂದ ಹಾಗೆ ಕೇಳುತ್ತದೆ. ಅದೂ ಒಂದು ದಿನ ಕೇಳಿಸುತ್ತದೆ, ನೆಗಡಿಯಾದ ಇನ್ನೊಂದು ದಿನ ಇಲ್ಲ. ಅದಕ್ಕೇ ಮನೆಯವರಿಗೆ ‘ಬೇಕಂತಲೇ ಕೇಳಿಸಿಕೊಳ್ಳಲ್ಲ’ ಅನಿಸುತ್ತದೆ. ಆಪರೇಷನ್‌ಗೆ ಮುಂಚೆ ಶ್ರವಣ ಪರೀಕ್ಷೆ ಮತ್ತು ಟಿಂಪನೋಮೆಟ್ರಿ (ತಮಟೆಯ ಹಿಂದೆ ನೀರಿದೆಯಾ ಅಂತ ನೋಡುವ ಪರೀಕ್ಷೆ) ಎರಡೂ ಆಗಿದೆಯಾ ಅಂತ ನಿಮ್ಮ ಇಎನ್‌ಟಿ ಡಾಕ್ಟರನ್ನು ಕೇಳಿ. ನೀರು ಇದ್ದರೆ ಅದಕ್ಕೂ ಒಂದೇ ಸಲಕ್ಕೆ ಏನು ಮಾಡಬೇಕು ಅಂತ ಅವರು ನಿರ್ಧರಿಸಬಹುದು. ಇದನ್ನು ಮುಂದೂಡಬೇಡಿ. ಪದ ಸರಿಯಾಗಿ ಕಿವಿಗೆ ಬೀಳದಿದ್ದರೆ ನಾವು ಎಷ್ಟು ಚೆನ್ನಾಗಿ ವಿವರಿಸಿ ಏನು? ಆಪರೇಷನ್ ಆಗಿ ಎರಡು ಮೂರು ತಿಂಗಳಾದರೂ ‘ಇವತ್ತು ಏನಾಯ್ತು’ ಅಂದರೆ ಎರಡು ಮೂರು ಸಂಗತಿ ಜೋಡಿಸಿ ಹೇಳಲು ಬಾರದಿದ್ದರೆ, ಹೊರಗಿನವರಿಗೆ ಅವನ ಮಾತು ಅರ್ಥವಾಗದಿದ್ದರೆ, ಒಬ್ಬ ಸ್ಪೀಚ್ ಥೆರಪಿಸ್ಟ್ ಹತ್ತಿರ ತೋರಿಸಿ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಕಿವಿ ಮತ್ತು ಮಾತು ಎರಡನ್ನೂ ಒಂದೇ ಕಡೆ ನೋಡುತ್ತಾರೆ.

ಬಂದ್, ಎಲೆಕ್ಷನ್ ಬಗ್ಗೆ ಜಾಸ್ತಿ ಹೇಳುವುದಿಲ್ಲ, ಇವು ಸುಲಭ. ಕೈಗೆ ಸಿಗುವ ಒಂದು ಎಳೆ ಹಿಡಿಯಿರಿ. ‘ಫ್ಯಾನ್ ಬಂದ್ ಮಾಡ್ತೀವಲ್ಲ, ಹಾಗೇ ಇವತ್ತು ಅಂಗಡಿ ಬಂದ್, ಬಸ್ ಬಂದ್. ಜನರಿಗೆ ಒಂದು ವಿಷಯಕ್ಕೆ ಸಿಟ್ಟು ಬಂದಿದೆ, ಅದನ್ನು ಸರ್ಕಾರಕ್ಕೆ ತೋರಿಸೋಕೆ ಹೀಗೆ ಮಾಡ್ತಾರೆ. ನಾಳೆ ಮತ್ತೆ ತೆಗೀತಾರೆ.’ 2023ರ ಸೆಪ್ಟೆಂಬರ್ 29ರಂದು ಕಾವೇರಿ ನೀರಿಗಾಗಿ ಕರ್ನಾಟಕ ಬಂದ್ ಆದಾಗ ನಮ್ಮ ಬೀದಿಯ ಒಬ್ಬ ಹುಡುಗ, ಬಂದ್ ಅಂದರೆ ನಲ್ಲಿಯನ್ನು ಬಂದ್ ಮಾಡುವುದು ಅಂದುಕೊಂಡು ಬಕೆಟ್ ತುಂಬಿಸಿಟ್ಟಿದ್ದ. ನೀರಿನ ಜಗಳ ಅಂತ ಕೇಳಿದ್ದನಲ್ಲ, ಅವನ ಊಹೆ ತೀರಾ ದೂರವೇನೂ ಇರಲಿಲ್ಲ. ಎಲೆಕ್ಷನ್‌ಗೆ ನಿಮ್ಮ ಎಡಗೈ ತೋರುಬೆರಳಿನ ಶಾಯಿಯೇ ಸಾಕು. ಆ ಶಾಯಿ ತಯಾರಾಗುವುದು ನಮ್ಮ ಮೈಸೂರಿನ ಮೈಸೂರು ಪೇಂಟ್ಸ್ ಕಾರ್ಖಾನೆಯಲ್ಲಿ ಅಂತ ಬೇಕಾದರೆ ಸೇರಿಸಿ. ಮನೆಯಲ್ಲಿ ನಾಳೆ ಉಪ್ಪಿಟ್ಟಾ, ಇಡ್ಲಿಯಾ ಅಂತ ಕೈ ಎತ್ತಿಸಿ. ಸೋತವರು ಅಳುತ್ತಾರೆ, ಅದೂ ಎಲೆಕ್ಷನ್‌ನ ಭಾಗವೇ.

ರಾತ್ರಿಯ ಹೆದರಿಕೆ ಒಂದೇ ದಿನದಲ್ಲಿ ಹೋಗುವುದಿಲ್ಲ. ದೀಪ ಹಾಕಿಡಿ, ಕೆಲವು ದಿನ ಪಕ್ಕದಲ್ಲೇ ಮಲಗಿ. ‘ನಿದ್ದೆ ಮಾಡಿದಾಗಲೂ ಎದೆ ಡಬ್ ಡಬ್ ಅಂತಾನೇ ಇರುತ್ತೆ’ ಅಂತ ಅಪ್ಪನ ಎದೆಯ ಮೇಲೆ ಅವನ ಕಿವಿ ಇಡಿಸಿ. ಅಪ್ಪ ಊರಿಗೆ ಹೋದಾಗ ಅಲ್ಲಿಂದ ಒಂದು ವಿಡಿಯೊ ಕಾಲ್ ಮಾಡಲಿ, ಹೇಳಿದ ದಿನಕ್ಕೇ ವಾಪಸ್ ಬರಲಿ. ಊಟ ಬಿಟ್ಟರೆ, ನಿಂತಿದ್ದ ಹಾಸಿಗೆ ಒದ್ದೆ ಮತ್ತೆ ಶುರುವಾಗಿ ವಾರಗಟ್ಟಲೆ ಮುಂದುವರಿದರೆ, ‘ನಾನೂ ತಾತನ ಹತ್ತಿರ ಹೋಗ್ತೀನಿ’ ಅಂತ ಪದೇ ಪದೇ ಅಂದರೆ ಮಕ್ಕಳ ಮನಸ್ಸಿನ ತಜ್ಞರನ್ನು ನೋಡಿ. ಯಾರನ್ನು ಕೇಳುವುದು ಅಂತ ಗೊತ್ತಾಗದಿದ್ದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿ. ಸರ್ಕಾರದ್ದು, ಉಚಿತ, ಕನ್ನಡದಲ್ಲಿ ಮಾತಾಡುತ್ತಾರೆ. ನಿಮಗೂ ನಿಮ್ಮ ಮನೆಯವರಿಗೂ ದುಃಖ ತಡೆಯಲಾಗದಿದ್ದರೂ ಅದೇ ನಂಬರ್.

ಕೊನೆಗೆ ಆ ಚಪ್ಪಲಿ. ಅವನು ಮಲಗಿದ ಮೇಲೆ ಸದ್ದಿಲ್ಲದೆ ತೆಗೆದಿಡಬೇಡಿ. ಬೆಳಿಗ್ಗೆ ಎದ್ದು ನೋಡಿ, ತಾತ ರಾತ್ರಿ ಬಂದು ಹಾಕಿಕೊಂಡು ಹೋದರು ಅಂದುಕೊಳ್ಳುತ್ತಾನೆ. ಸಾವಿನ ಮಾತು ಆಡಿ ನಾಲ್ಕೈದು ದಿನ ಬಿಟ್ಟು, ‘ತಾತನಿಗೆ ಈಗ ಚಪ್ಪಲಿ ಬೇಕಾಗಲ್ಲ. ಇದನ್ನು ಎಲ್ಲಿ ಇಡೋಣ?’ ಅಂತ ಅವನನ್ನೇ ಕೇಳಿ. ಒರೆಸಲು ಅವನ ಕೈಗೊಂದು ಬಟ್ಟೆ ಕೊಡಿ. ಅವನು ಬೀರುವಿನಲ್ಲಿ ಅನ್ನಬಹುದು, ತನ್ನ ಮಂಚದ ಕೆಳಗೆ ಅನ್ನಬಹುದು, ಇಲ್ಲೇ ಇರಲಿ ಅನ್ನಬಹುದು. ಇಲ್ಲೇ ಇರಲಿ ಅಂದರೆ ಇನ್ನಷ್ಟು ದಿನ ಇರಲಿ ಬಿಡಿ.